ಜ್ವರ ಇಳಿದ ದಿನ ರೈಲು ಹತ್ತಿಸಬೇಡಿ

ಕಾಲೇಜು ಪ್ರವೇಶ ಶುರುವಾಯಿತೆಂದರೆ ಮಾಟುಂಗದಲ್ಲಿ ನೆಲೆಸಿರುವ ನಮ್ಮಂಥ ಕನ್ನಡಿಗರ ಫೋನುಗಳಿಗೆ ಊರಿನ ಕರೆಗಳು ಹೆಚ್ಚುತ್ತವೆ. ‘ಹುಡುಗನಿಗೆ ನಿಮ್ಮ ಕಡೆಯೇ ಸೀಟು ಸಿಕ್ಕಿದೆ. ಫಾರಂನಲ್ಲಿ ಲೋಕಲ್ ಗಾರ್ಡಿಯನ್ ಅಂತ ಒಂದು ಕಾಲಂ ಇದೆ. ನಿಮ್ಮ ಹೆಸರು ಹಾಕಲೇ?’ ಎಂದು ಕೇಳುತ್ತಾರೆ. ಇಲ್ಲ ಎನ್ನಲು ಬಾಯಿ ಬರುವುದಿಲ್ಲ. ಒಂದು ಸಹಿ, ಆಧಾರ್ ಕಾರ್ಡಿನ ಜೆರಾಕ್ಸ್ ಪ್ರತಿ, ಒಂದು ಫೋನ್ ನಂಬರ್. ಕೆಲಸ ಮುಗಿಯಿತು ಎಂದು ಕೊಟ್ಟವರೂ ತಿಳಿಯುತ್ತಾರೆ, ಪಡೆದವರೂ ತಿಳಿಯುತ್ತಾರೆ. ಆ ಕಾಲಂನಲ್ಲಿ ನಿಜವಾಗಿ ಏನು ಬರೆದುಕೊಟ್ಟಿದ್ದೇವೆ ಎಂಬುದು ಗೊತ್ತಾಗುವುದು ಸೆಮಿಸ್ಟರ್ ನಡುವೆ, ಹಾಸ್ಟೆಲಿನಿಂದ ಕರೆ ಬಂದಾಗ.

ನಾನು ಧಾರವಾಡದವನು. ಸಾಮಾನ್ಯ ವಿಮಾ ಕಂಪನಿಯೊಂದರಲ್ಲಿ ಆರೋಗ್ಯ ವಿಮೆಯ ಕ್ಲೇಮುಗಳನ್ನು ನೋಡುವುದು ನನ್ನ ಕೆಲಸ. ಮಾಟುಂಗ ಪೂರ್ವಕ್ಕೆ ಬಂದು ಇಪ್ಪತ್ತೆರಡು ವರ್ಷವಾಯಿತು. ಇಷ್ಟು ವರ್ಷಗಳಲ್ಲಿ ಒಂಬತ್ತು ಮಕ್ಕಳ ಫಾರಂಗಳಿಗೆ ಸಹಿ ಹಾಕಿದ್ದೇನೆ. ಅವರಲ್ಲಿ ಮೂವರನ್ನು ಆಸ್ಪತ್ರೆಗೆ ಸೇರಿಸುವ ಪ್ರಸಂಗ ಬಂದಿದೆ. ಒಬ್ಬಳಿಗೆ ಅಪೆಂಡಿಸೈಟಿಸ್, ಒಬ್ಬನಿಗೆ ಕಾಲು ಮುರಿತ, ಇನ್ನೊಬ್ಬನಿಗೆ ಡೆಂಗಿ. ಮೊದಲ ಇಬ್ಬರ ವಿಷಯದಲ್ಲಿ ಯಾರಿಗೂ ಅನುಮಾನವಿರಲಿಲ್ಲ. ನೋವು ಎಲ್ಲರಿಗೂ ಕಾಣುತ್ತಿತ್ತು. ಮೂರನೆಯವನ ಕತೆ ಬೇರೆ. ಎಲ್ಲರೂ ‘ಗುಣವಾಯಿತು’ ಎಂದುಕೊಂಡ ದಿನವೇ ಅವನಿಗೆ ಅಪಾಯ ಬಂದದ್ದು. ಮಕ್ಕಳನ್ನು ಹೊರಊರಿಗೆ ಕಳಿಸಿರುವ ಪಾಲಕರಿಗೆಲ್ಲ ಅದು ಉಪಯೋಗಕ್ಕೆ ಬರಬಹುದೆಂದು ಇಲ್ಲಿ ಬರೆಯುತ್ತಿದ್ದೇನೆ.

ಮಳೆಗಾಲದ ಸೆಮಿಸ್ಟರ್

ಮಾಟುಂಗ ಎಂದರೆ ಹೂವಿನ ಅಂಗಡಿ, ಉಡುಪಿ ಹೋಟೆಲು, ಫಿಲ್ಟರ್ ಕಾಫಿ ಎಂದು ಊರಿನವರು ತಿಳಿದಿರುತ್ತಾರೆ. ಅದರಷ್ಟೇ ಇದು ವಿದ್ಯಾರ್ಥಿಗಳ ಬಡಾವಣೆ ಕೂಡ. 1887ರಲ್ಲಿ ಸ್ಥಾಪನೆಯಾದ ವಿಜೆಟಿಐ 1923ರಲ್ಲಿ ಇಲ್ಲಿಗೆ ಬಂತು. 1933ರಲ್ಲಿ ಯುಡಿಸಿಟಿ ಎಂಬ ಹೆಸರಿನಲ್ಲಿ ಶುರುವಾದ ರಾಸಾಯನಿಕ ತಂತ್ರಜ್ಞಾನ ಸಂಸ್ಥೆ ಅದರ ನೆರೆಯಲ್ಲಿದೆ. ರುಯಿಯಾ ಕಾಲೇಜು 1937ರದು, ಪೊದಾರ್ ಕಾಲೇಜು 1941ರದು. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಶನ್ ಕೂಡ ಇಲ್ಲೇ, ಭಾವು ದಾಜಿ ರಸ್ತೆಯಲ್ಲಿದೆ. ಹೀಗಾಗಿ ಮಗನನ್ನೋ ಮಗಳನ್ನೋ ಮುಂಬೈಗೆ ಕಳಿಸುವ ಕನ್ನಡದ ಪಾಲಕರಿಗೆ ಮಾಟುಂಗ ಎಂದರೆ ‘ನಮ್ಮವರು ಇರೋ ಜಾಗ’ ಎಂಬ ಧೈರ್ಯ.

ಆದರೆ ವರ್ಷದ ಮೊದಲ ಸೆಮಿಸ್ಟರ್ ಮತ್ತು ಮುಂಬೈ ಮಳೆಗಾಲ ಒಂದೇ ಹೊತ್ತಿಗೆ ಬರುತ್ತವೆ. ಪಾಠ ಶುರುವಾಗುವುದು ಮಳೆಯ ಜೊತೆಗೆ. ಮಧ್ಯಂತರ ಪರೀಕ್ಷೆಗಳು ಬೀಳುವುದು ಆಗಸ್ಟ್, ಸೆಪ್ಟೆಂಬರಿನಲ್ಲಿ. ಸೊಳ್ಳೆಯ ಜ್ವರಗಳು ಏರುವುದೂ ಆಗಲೇ. ಕಿಂಗ್ಸ್ ಸರ್ಕಲ್ ಬಳಿಯ ಗಾಂಧಿ ಮಾರ್ಕೆಟಿನಲ್ಲಿ ಜೋರು ಮಳೆ ಬಿದ್ದರೆ ಮೊಣಕಾಲುದ್ದ ನೀರು ನಿಲ್ಲುತ್ತದೆ. ಮಕ್ಕಳು ಪ್ಯಾಂಟು ಮಡಚಿ, ಚಪ್ಪಲಿ ಕೈಯಲ್ಲಿ ಹಿಡಿದು ದಾಟುತ್ತಾರೆ. ಆ ನೀರಿನಲ್ಲಿ ಇಲಿಯ ಮೂತ್ರ ಬೆರೆತಿದ್ದರೆ, ಕಾಲಲ್ಲಿ ಸಣ್ಣ ಗಾಯವಿದ್ದರೆ ಲೆಪ್ಟೊಸ್ಪೈರೋಸಿಸ್ ಬರಬಹುದು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿ.ಮೀ. ಮಳೆಯಾಯಿತಲ್ಲ, ಅದರ ಬೆನ್ನಿಗೇ ಈ ಜ್ವರ ನಗರವನ್ನು ಕಾಡಿತ್ತು. ನಿಂತ ನೀರಿನಲ್ಲಿ ನಡೆದು ಬಂದವರು 72 ಗಂಟೆಯೊಳಗೆ ವೈದ್ಯರನ್ನು ಕಂಡು ಮುಂಜಾಗ್ರತೆಯ ಮಾತ್ರೆ ಬೇಕೇ ಎಂದು ಕೇಳಿ ಎಂದು ಮಹಾನಗರ ಪಾಲಿಕೆ ಮಳೆಗಾಲದಲ್ಲಿ ಹೇಳುತ್ತಲೇ ಇರುತ್ತದೆ.

ಲೆಪ್ಟೊ, ಮಲೇರಿಯಾ, ಡೆಂಗಿ ಮೂರೂ ಶುರುವಾಗುವುದು ಒಂದೇ ಥರ: ಜ್ವರ, ತಲೆನೋವು, ಮೈಕೈ ನೋವು. ಹಾಸ್ಟೆಲಿನಲ್ಲಿ ಮೂರಕ್ಕೂ ಸಿಗುವ ಚಿಕಿತ್ಸೆಯೂ ಒಂದೇ: ಪಕ್ಕದ ರೂಮಿನವನ ಬ್ಯಾಗಿನಲ್ಲಿದ್ದ ಮಾತ್ರೆ.

ಶುಕ್ರವಾರ ಬೆಳಿಗ್ಗೆ

ನಾನು ಹೇಳುತ್ತಿರುವ ಹುಡುಗ ನನ್ನ ಕಾಲೇಜು ಗೆಳೆಯನ ಮಗ. ಎಂಜಿನಿಯರಿಂಗ್ ಎರಡನೇ ವರ್ಷ. ಸೋಮವಾರ ಜ್ವರ ಬಂತು. ಮಂಗಳವಾರ ಡಾಕ್ಟರ್ ಬಳಿ ಹೋಗಿ ರಕ್ತ ಪರೀಕ್ಷೆ ಮಾಡಿಸಿದ. ಎನ್‌ಎಸ್‌1 ಪಾಸಿಟಿವ್, ಅಂದರೆ ಡೆಂಗಿ. ಪ್ಯಾರಾಸಿಟಮಾಲ್ ಮಾತ್ರ ತೆಗೆದುಕೊ, ನೀರು ಚೆನ್ನಾಗಿ ಕುಡಿ, ದಿನ ಬಿಟ್ಟು ದಿನ ರಕ್ತ ಪರೀಕ್ಷೆ ಮಾಡಿಸು ಎಂದು ಡಾಕ್ಟರ್ ಹೇಳಿದ್ದರು. ನಾನು ದಿನಾ ಎರಡು ಸಲ ಫೋನ್ ಮಾಡುತ್ತಿದ್ದೆ, ಮನೆಯಿಂದ ಗಂಜಿ, ತಿಳಿಸಾರು ಕಳಿಸುತ್ತಿದ್ದೆ. ಗುರುವಾರ ರಾತ್ರಿ ಜ್ವರ ಪೂರ್ತಿ ಇಳಿಯಿತು. ಊರಿನಲ್ಲಿ ಅವನ ತಾಯಿ ದೇವರಿಗೆ ದೀಪ ಹಚ್ಚಿದರು.

ಶುಕ್ರವಾರ ಬೆಳಿಗ್ಗೆ ಏಳಕ್ಕೆ ಅವನ ರೂಮ್‌ಮೇಟಿನಿಂದ ಫೋನು ಬಂತು. ಕೊಲ್ಹಾಪುರ ಕಡೆಯ ಹುಡುಗ, ಮಾತು ಕಡಿಮೆ. ಹೇಳಿದ್ದು ಇಷ್ಟೇ: ‘ಅಂಕಲ್, ಜ್ವರ ಇಲ್ಲ. ಆದರೆ ರಾತ್ರಿಯಿಂದ ನಾಲ್ಕು ಸಲ ವಾಂತಿ ಆಗಿದೆ. ಹೊಟ್ಟೆ ನೋವು ಅಂತಾನೆ. ನಿನ್ನೆ ಸಂಜೆಯಿಂದ ಬಾತ್‌ರೂಮಿಗೆ ಹೋಗಿಲ್ಲ.’

ನಾನು ವೈದ್ಯನಲ್ಲ. ಆದರೆ ಡೆಂಗಿಯ ನೂರಾರು ಡಿಸ್ಚಾರ್ಜ್ ಸಮ್ಮರಿಗಳು ನನ್ನ ಮೇಜಿನ ಮೇಲೆ ಹಾದು ಹೋಗಿವೆ. ಐಸಿಯುಗೆ ಹೋದವರ ಕಾಗದಗಳಲ್ಲಿ ಒಂದೇ ಸಾಲು ಮತ್ತೆ ಮತ್ತೆ ಕಾಣುತ್ತಿತ್ತು: ನಾಲ್ಕು ದಿನ ಜ್ವರ, ಒಂದು ದಿನದಿಂದ ಜ್ವರವಿಲ್ಲ, ಹೊಟ್ಟೆ ನೋವು ಮತ್ತು ವಾಂತಿ ಎಂದು ಬಂದಿದ್ದಾರೆ. ಹೀಗಾಗಿ ರೂಮ್‌ಮೇಟ್ ಹೇಳಿದ ಮೂರು ಮಾತಿಗೆ ನಾನು ಆಫೀಸಿಗೆ ರಜೆ ಹೇಳಿ ಹೊರಟೆ. ಹೋಗಿ ನೋಡಿದರೆ ಹುಡುಗ ಗೋಡೆಗೆ ಒರಗಿ ಕೂತಿದ್ದ. ಕೈ ಮುಟ್ಟಿದರೆ ತಣ್ಣಗೆ. ಕೇಳಿದ್ದಕ್ಕೆ ತಡವಾಗಿ ಉತ್ತರ ಕೊಡುತ್ತಿದ್ದ. ಆದರೂ ಅವನ ಚಿಂತೆ ಬೇರೆ.

‘ಕಾಕಾ, ಸೋಮವಾರ ಟೆಸ್ಟ್ ಅದ. ಅದೊಂದ ಬರದ ಬಿಡ್ತೀನಿ’ ಅಂದ.

ಅಷ್ಟರಲ್ಲಿ ಅವನ ಅಪ್ಪನ ಫೋನು. ‘ಜ್ವರಾ ಇಳದದಂತಲ್ಲೋ. ಇವತ್ತ ರಾತ್ರಿ ಗಾಡಿಗೆ ಕೂಡಿಸಿಬಿಡು. ನಾಳೆ ಹುಬ್ಬಳ್ಳಿ ಸ್ಟೇಶನ್ನಿಗೆ ನಾನ ಬರ್ತೀನಿ.’ ಹಿಂದಿನಿಂದ ತಾಯಿಯ ದನಿ: ‘ಅಣ್ಣಾರ, ಮನಿ ಊಟ ಮಾಡಿದರ ಎರಡ ದಿನದಾಗ ಎದ್ದ ಕೂಡ್ತಾನ್ರೀ. ಕಳಿಸಿಬಿಡ್ರಿ.’

ದಾದರ್‌ನಿಂದ ರಾತ್ರಿ ಹೊರಡುವ ಗಾಡಿ ಹುಬ್ಬಳ್ಳಿ ಮುಟ್ಟಲು ಸುಮಾರು ಹದಿನಾಲ್ಕು ತಾಸು. ಅವರ ಮಾತಿನಲ್ಲಿ ಪ್ರೀತಿಯಿತ್ತು. ತಪ್ಪು ಎಂದು ಹೇಳುವುದೇ ಕಷ್ಟ. ಆದರೂ ಹೇಳಬೇಕಾಯಿತು.

‘ತಂಗೀ, ಅಂವಗ ಎದ್ದ ನಿಲ್ಲಾಕ ಆಗವಲ್ದು. ಗಾಡಿಯಾಗ ನಡುರಾತ್ರಿ ಏನರ ಆದರ ಯಾರು ನೋಡವರು? ಈಗ ದವಾಖಾನಿಗೆ ಹಾಕ್ತೀನಿ. ನೀವಿಬ್ರೂ ಇವತ್ತ ಹೊರಟ ಇಲ್ಲಿಗೇ ಬರ್ರಿ.’

ಎರಡು ನಿಮಿಷ ಆ ಕಡೆ ಮಾತಿಲ್ಲ. ಆಮೇಲೆ ಗೆಳೆಯ ಹೇಳಿದ: ‘ನೀ ಅಲ್ಲಿ ಇದ್ದೀ. ನೀ ಹೇಳಿದಂಗ ಆಗಲಿ.’ ಆ ದಿನ ಹುಡುಗನನ್ನು ಉಳಿಸಿದ ಮೊದಲ ಔಷಧ ಈ ಮಾತು ಎಂದು ನಾನು ಇವತ್ತಿಗೂ ನಂಬುತ್ತೇನೆ. ಪ್ರಯಾಣ ಮಾಡಬೇಕಾದವರು ಗಟ್ಟಿಯಾಗಿರುವವರು, ರೋಗಿಯಲ್ಲ.

ಜ್ವರ ಹೋದ ಮೇಲೆ ಏನಾಗುತ್ತದೆ

ಡೆಂಗಿ ಹಗಲು ಕಚ್ಚುವ ಈಡಿಸ್ ಸೊಳ್ಳೆಯಿಂದ ಬರುತ್ತದೆ. ಕಚ್ಚಿದ ನಾಲ್ಕರಿಂದ ಹತ್ತು ದಿನದೊಳಗೆ ಜ್ವರ ಶುರು. ಎರಡರಿಂದ ಏಳು ದಿನ ಜ್ವರವಿರುತ್ತದೆ. ಹೆಚ್ಚಿನವರಲ್ಲಿ ಜ್ವರ ಇಳಿದರೆ ರೋಗವೂ ಮುಗಿದಂತೆ. ಆದರೆ ಕೆಲವರಲ್ಲಿ ಜ್ವರ ಇಳಿಯುವ ಹೊತ್ತಿಗೇ ಎರಡನೇ ಹಂತ ತೆರೆದುಕೊಳ್ಳುತ್ತದೆ. ಸಣ್ಣ ರಕ್ತನಾಳಗಳ ಗೋಡೆ ಸಡಿಲಾಗಿ ರಕ್ತದೊಳಗಿನ ನೀರಿನ ಅಂಶ, ಅಂದರೆ ಪ್ಲಾಸ್ಮಾ, ಹೊರಗೆ ಸೋರುತ್ತದೆ. ಹೊಟ್ಟೆಯಲ್ಲಿ, ಶ್ವಾಸಕೋಶದ ಸುತ್ತ ನೀರು ತುಂಬುತ್ತದೆ. ರಕ್ತನಾಳದಲ್ಲಿ ಉಳಿದ ರಕ್ತ ಗಟ್ಟಿಯಾಗುತ್ತದೆ. ರಕ್ತದೊತ್ತಡ ಕುಸಿಯುತ್ತದೆ. ಈ ಸೋರುವಿಕೆ ಇರುವುದು 24ರಿಂದ 48 ಗಂಟೆ. ಆ ಎರಡು ದಿನ ಸರಿಯಾದ ಪ್ರಮಾಣದಲ್ಲಿ ಡ್ರಿಪ್ ಹಾಕಿ ಕಾದರೆ ದೇಹ ತಾನೇ ದಾರಿಗೆ ಬರುತ್ತದೆ. ತೀವ್ರ ಡೆಂಗಿಯಲ್ಲೂ ಬೇಗ ಗುರುತಿಸಿ ಸರಿಯಾಗಿ ನೋಡಿಕೊಂಡರೆ ಸಾವಿನ ಪ್ರಮಾಣ ಶೇ 1ಕ್ಕಿಂತ ಕೆಳಗಿಳಿಯುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ಎರಡು ದಿನ ರೋಗಿ ರೈಲಿನಲ್ಲೋ ಬಸ್ಸಿನಲ್ಲೋ ಇದ್ದರೆ ಕಾಯುವವರು ಯಾರೂ ಇರುವುದಿಲ್ಲ.

ಎಚ್ಚರಿಕೆಯ ಲಕ್ಷಣಗಳನ್ನು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಬಹುದು. ಬಿಡದ ಹೊಟ್ಟೆನೋವು. ನಿಲ್ಲದ ವಾಂತಿ. ವಸಡು, ಮೂಗಿನಿಂದ ರಕ್ತ. ಕಪ್ಪು ಮಲ. ವಿಪರೀತ ಸುಸ್ತು ಅಥವಾ ಚಡಪಡಿಕೆ. ತಣ್ಣನೆಯ ಕೈಕಾಲು. ಉಸಿರಾಟ ಕಷ್ಟ. ಆರು ತಾಸಾದರೂ ಮೂತ್ರ ಬಾರದಿರುವುದು. ಜ್ವರ ಇಳಿದ ಹೊತ್ತಿನಲ್ಲಿ ಇವುಗಳಲ್ಲಿ ಒಂದು ಕಂಡರೂ ಆಸ್ಪತ್ರೆ. ಮೈಕೈ ನೋವಿಗೆಂದು ಐಬುಪ್ರೊಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್ ನುಂಗುವಂತಿಲ್ಲ, ರಕ್ತಸ್ರಾವ ಹೆಚ್ಚುತ್ತದೆ.

ಡೆಂಗಿಗೆ ದೊಡ್ಡವರು ಚಿಕ್ಕವರು, ಉಳ್ಳವರು ಇಲ್ಲದವರು ಎಂಬ ಭೇದವಿಲ್ಲ. ಇದೇ ಮುಂಬೈಯಲ್ಲಿ 2012ರ ಅಕ್ಟೋಬರಿನಲ್ಲಿ ಚಿತ್ರ ನಿರ್ದೇಶಕ ಯಶ್ ಚೋಪ್ರಾ ತೀರಿಕೊಂಡದ್ದು ಡೆಂಗಿಯಿಂದ. ಕರ್ನಾಟಕ ಸರ್ಕಾರ 2024ರ ಸೆಪ್ಟೆಂಬರಿನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚನೆ ಹೊರಡಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡ ವಿಧಿಸಲು ಮುಂದಾದದ್ದು ಓದುಗರಿಗೆ ನೆನಪಿರಬಹುದು.

ಊರಿಗೆ ಓಡುವ ಹಳೆಯ ಅಭ್ಯಾಸ

ಕಾಯಿಲೆ ಬಿದ್ದರೆ ಊರಿಗೆ ಹೋಗಬೇಕು ಎನ್ನುವುದು ನಮ್ಮ ರಕ್ತದಲ್ಲೇ ಇದೆ. 1896ರಲ್ಲಿ ಮುಂಬೈಗೆ ಪ್ಲೇಗು ಬಂದಾಗಲೂ ಲಕ್ಷಾಂತರ ಜನ ನಗರ ಬಿಟ್ಟು ಊರುಗಳಿಗೆ ಹೊರಟರು. ಪ್ಲೇಗು ಅವರ ಗಂಟುಮೂಟೆಯ ಜೊತೆ ರೈಲು ಹಳಿಗುಂಟ ಹೊರಟಿತು. ಹುಬ್ಬಳ್ಳಿ, ಧಾರವಾಡ ನಲುಗಿದವು. 1898ರ ಆಗಸ್ಟಿನಲ್ಲಿ ಅದು ಬೆಂಗಳೂರು ಮುಟ್ಟಿದ್ದೂ ಹುಬ್ಬಳ್ಳಿ ಕಡೆಯಿಂದ, ರೈಲಿನಲ್ಲೇ. ಆ ಹೊಡೆತದ ನಂತರವೇ ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಎದ್ದದ್ದು. ಮುಂಬೈಯಲ್ಲಿ ಅದೇ 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಸ್ಥಾಪನೆಯಾಗಿ, ಗಾಳಿ ಬೆಳಕು ಇರುವ ಬಡಾವಣೆಗಳೆಂದು ದಾದರ್, ಮಾಟುಂಗ, ಸಯಾನ್‌ಗಳ ನಕ್ಷೆ ಬರೆಯಿತು. ನಮ್ಮ ಫೈವ್ ಗಾರ್ಡನ್ಸ್, ಅಗಲ ರಸ್ತೆಗಳು, ಸಾಲುಮರಗಳು ಆ ಯೋಜನೆಯ ಕೊಡುಗೆ. ಮಾಟುಂಗಕ್ಕೂ ಬಸವನಗುಡಿಗೂ ಹೀಗೊಂದು ನಂಟಿದೆ.

ಡೆಂಗಿ ಪ್ಲೇಗಿನಂತಲ್ಲ, ಒಬ್ಬರಿಂದ ಒಬ್ಬರಿಗೆ ನೇರ ಅಂಟುವುದಿಲ್ಲ. ಆದರೆ ‘ಮನೆ ಮುಟ್ಟಿದರೆ ಸಾಕು’ ಎಂಬ ನಂಬಿಕೆ ಅಂದಿನದೇ. ಮನೆ ಆರೈಕೆ ಬೇಕಾಗುವುದು ಚೇತರಿಕೆಯ ಹೊತ್ತಿನಲ್ಲಿ. ಅಪಾಯದ ಹೊತ್ತಿನಲ್ಲಿ ಬೇಕಾದದ್ದು ಹತ್ತಿರದ ಆಸ್ಪತ್ರೆ.

ಹಣ ಮೊದಲೋ, ಚಿಕಿತ್ಸೆ ಮೊದಲೋ

ನಾವು ಮೊದಲು ಹೋದದ್ದು ಸಮೀಪದ ಒಂದು ಖಾಸಗಿ ಆಸ್ಪತ್ರೆಗೆ. ಕೌಂಟರಿನಲ್ಲಿ ಕೇಳಿದ್ದು ಎರಡು: ಮುಂಗಡ ಹಣ, ಮತ್ತು ರಕ್ತಸಂಬಂಧಿಯ ಸಹಿ. ನಾನು ರಕ್ತಸಂಬಂಧಿಯಲ್ಲ. ಅಲ್ಲಿ ವಾದಕ್ಕೆ ನಿಂತರೆ ಅರ್ಧ ತಾಸು ಹೋಗುತ್ತದೆ. ಬಿಪಿ ಮಾತ್ರ ನೋಡಿ ಎಂದೆ, 96/78 ಬಂತು. ಮೇಲಿನ ಅಂಕಿ, ಕೆಳಗಿನ ಅಂಕಿಗಳ ಅಂತರ ಇಪ್ಪತ್ತಕ್ಕಿಂತ ಕಡಿಮೆಯಾದರೆ ಅದು ಕೆಟ್ಟ ಸೂಚನೆ. ಚೀಟಿಯಲ್ಲಿ ಬರೆಸಿಕೊಂಡು ಟ್ಯಾಕ್ಸಿ ಹಿಡಿದು ಸಯಾನ್ ಆಸ್ಪತ್ರೆಗೆ ಹೋದೆವು. ಲೋಕಮಾನ್ಯ ತಿಲಕರ ಹೆಸರಿನ ಈ ಪಾಲಿಕೆ ಆಸ್ಪತ್ರೆ ಮಾಟುಂಗದಿಂದ ಕೂಗಳತೆಯಲ್ಲಿದೆ. ತುರ್ತು ವಿಭಾಗದಲ್ಲಿ ಜನ ಕಿಕ್ಕಿರಿದಿದ್ದರು. ಆದರೆ ಚೀಟಿಯ ಬಿಪಿ ನೋಡಿದ ಕಿರಿಯ ವೈದ್ಯೆ ಹೆಸರು ಬರೆಯುವ ಮೊದಲೇ ಡ್ರಿಪ್ ಹಾಕಿಸಿದರು.

ಇಲ್ಲಿ ಕಾನೂನು ಏನು ಹೇಳುತ್ತದೆ ಎಂಬುದು ಪ್ರತಿ ಪಾಲಕರಿಗೂ ತಿಳಿದಿರಬೇಕು. ಪರಮಾನಂದ ಕಟಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ: ಸರ್ಕಾರಿ ಇರಲಿ, ಖಾಸಗಿ ಇರಲಿ, ಜೀವ ಉಳಿಸುವುದು ಪ್ರತಿ ವೈದ್ಯರ ಕರ್ತವ್ಯ, ಕಾಗದಪತ್ರದ ವಿಧಿಗಳು ಆಮೇಲೆ. 1992ರಲ್ಲಿ ಪಶ್ಚಿಮ ಬಂಗಾಳದಲ್ಲಿ ಹಕೀಂ ಶೇಖ್ ಎಂಬವರು ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದಾಗ ಸರ್ಕಾರಿ ಆಸ್ಪತ್ರೆಗಳು ಒಂದರ ನಂತರ ಒಂದು ಹಾಸಿಗೆ ಇಲ್ಲವೆಂದು ತಿರುಗಿಸಿ ಕಳಿಸಿದವು. ಆ ಪ್ರಕರಣದಲ್ಲಿ 1996ರಲ್ಲಿ ಕೋರ್ಟು 25 ಸಾವಿರ ರೂಪಾಯಿ ಪರಿಹಾರ ಕೊಡಿಸಿ, ಸಕಾಲದ ಚಿಕಿತ್ಸೆ ಬದುಕುವ ಹಕ್ಕಿನ ಭಾಗ ಎಂದಿತು.

ಸಹಿಯ ವಿಷಯವೂ ಅಷ್ಟೇ. 18 ತುಂಬಿದ ವಿದ್ಯಾರ್ಥಿ ಪ್ರಜ್ಞೆಯಲ್ಲಿದ್ದರೆ ಒಪ್ಪಿಗೆ ಕೊಡಬೇಕಾದವನು ಅವನೇ. ಅಪ್ಪ ಅಮ್ಮನ ಸಹಿಗೆ ಕಾಯಬೇಕಿಲ್ಲ. ಪ್ರಜ್ಞೆ ಇಲ್ಲದಿದ್ದರೆ, ಹತ್ತಿರದವರು ಸಿಗದಿದ್ದರೆ, ಜೀವ ಉಳಿಸಲು ವೈದ್ಯರು ಸದುದ್ದೇಶದಿಂದ ಮಾಡುವ ಚಿಕಿತ್ಸೆಗೆ ಕಾನೂನಿನ ರಕ್ಷಣೆಯಿದೆ. ಲೋಕಲ್ ಗಾರ್ಡಿಯನ್ ಎಂಬ ಪದಕ್ಕೆ ಆಸ್ಪತ್ರೆಯಲ್ಲಿ ಕಾನೂನಿನ ಅಧಿಕಾರವೇನೂ ಇಲ್ಲ. ಆದರೆ ಆಸ್ಪತ್ರೆಗೆ ಮಾತಾಡಲು ಒಬ್ಬ ಮನುಷ್ಯ ಬೇಕು. ‘ನಾವು ಬರುವವರೆಗೆ ಇವರೊಂದಿಗೆ ಮಾತಾಡಿ’ ಎಂದು ಅಪ್ಪ ಅಮ್ಮ ಬರೆದುಕೊಟ್ಟ ಒಂದು ಪತ್ರವಿದ್ದರೆ ಎಷ್ಟೋ ಬಾಗಿಲು ಬೇಗ ತೆರೆಯುತ್ತವೆ.

ಮಹಾರಾಷ್ಟ್ರದಲ್ಲೂ ಆಂಬುಲೆನ್ಸ್‌ಗೆ ಕರ್ನಾಟಕದಂತೆ 108. ಮುಂಬೈಗೆ ಹೊಸದಾಗಿ ಬಂದ ಮಕ್ಕಳಿಗೆ ಎಷ್ಟೋ ಸಲ ಇದು ಗೊತ್ತಿರುವುದಿಲ್ಲ.

ಪ್ಲೇಟ್‌ಲೆಟ್ ಗಲಾಟೆ

ಮಧ್ಯಾಹ್ನದ ಹೊತ್ತಿಗೆ ರಿಪೋರ್ಟ್ ಬಂತು. ಪ್ಲೇಟ್‌ಲೆಟ್ 38 ಸಾವಿರ. ಹಾಸ್ಟೆಲ್ ಹುಡುಗರು ವಾಟ್ಸ್‌ಆ್ಯಪ್‌ನಲ್ಲಿ ದಾನಿಗಳಿಗೆ ಕರೆ ಕೊಟ್ಟೇಬಿಟ್ಟರು. ಸಂಜೆಯೊಳಗೆ ಹದಿನೇಳು ಹುಡುಗರು ರಕ್ತ ಕೊಡಲು ಆಸ್ಪತ್ರೆ ಗೇಟಿನಲ್ಲಿ ನಿಂತಿದ್ದರು. ಊರಿನಿಂದ ಪಪ್ಪಾಯಿ ಎಲೆ ರಸದ ಸಲಹೆಗಳು, ಕಿವಿ ಹಣ್ಣಿನ ಸಲಹೆಗಳು ಬರುತ್ತಿದ್ದವು. ವೈದ್ಯೆ ನಗುತ್ತಲೇ ಹೇಳಿದರು: ರಕ್ತಸ್ರಾವ ಇಲ್ಲದಿದ್ದರೆ ಈ ಮಟ್ಟಕ್ಕೆ ಪ್ಲೇಟ್‌ಲೆಟ್ ಕೊಡುವುದಿಲ್ಲ, ನಾವು ನೋಡುತ್ತಿರುವುದು ಇನ್ನೊಂದು ಅಂಕಿ. ಅದು ಪಿಸಿವಿ, ಅಂದರೆ ಹೆಮಟೊಕ್ರಿಟ್. ಹುಡುಗನದು 53 ಇತ್ತು. ರಕ್ತ ಎಷ್ಟು ಗಟ್ಟಿಯಾಗಿದೆ ಎಂದು ತಿಳಿಸುವುದು ಅದೇ. ಕೆಲವು ತಾಸಿಗೊಮ್ಮೆ ಅದನ್ನು ನೋಡಿ ಡ್ರಿಪ್ಪಿನ ವೇಗ ಏರಿಸುತ್ತಿದ್ದರು, ಇಳಿಸುತ್ತಿದ್ದರು. ಡ್ರಿಪ್ ಕಡಿಮೆಯಾದರೂ ಕಷ್ಟ, ಹೆಚ್ಚಾದರೆ ಶ್ವಾಸಕೋಶಕ್ಕೆ ನೀರು. ಅದಕ್ಕೇ ಇದು ಹಾಸ್ಟೆಲಿನಲ್ಲೋ ಸಣ್ಣ ಕ್ಲಿನಿಕ್ಕಿನಲ್ಲೋ ಎರಡು ಬಾಟಲಿ ಹಾಕಿಸಿಕೊಂಡು ಮುಗಿಯುವ ಕೆಲಸವಲ್ಲ.

ಆ ಹದಿನೇಳು ಹುಡುಗರಿಗೆ ನಾನು ಬೇರೆ ಕೆಲಸ ಕೊಟ್ಟೆ. ಎರಡೆರಡು ಜನ ನಾಲ್ಕು ತಾಸಿನ ಪಾಳಿ. ಕುಡಿದ ನೀರು, ಬಂದ ಮೂತ್ರ, ಎರಡನ್ನೂ ನೋಟ್‌ಬುಕ್ಕಿನಲ್ಲಿ ಬರೆಯುವುದು. ಒಬ್ಬ ಊರಿಗೆ ಫೋನ್ ಮಾಡುವವನು, ಉಳಿದವರು ಮಾಡುವಂತಿಲ್ಲ. ಎಂಟು ಜನ ಎಂಟು ಸುದ್ದಿ ಹೇಳಿದರೆ ಗಾಡಿಯಲ್ಲಿ ಕೂತ ತಾಯಿಯ ಗತಿ ಏನು?

ಶನಿವಾರ ಮಧ್ಯಾಹ್ನ ಅಪ್ಪ ಅಮ್ಮ ಬಂದರು. ಆ ರಾತ್ರಿ ಪಿಸಿವಿ ಇಳಿಯತೊಡಗಿತು. ಭಾನುವಾರ ಬೆಳಿಗ್ಗೆ ಹುಡುಗ ಇಡ್ಲಿ ಕೇಳಿದ. ಮಂಗಳವಾರ ಮನೆಗೆ, ಅಂದರೆ ನಮ್ಮ ಮನೆಗೆ ಬಂದ. ತಾಯಿಗೆ ಬೇಕಾಗಿದ್ದ ಮನೆ ಗಂಜಿಯ ಸೇವೆ ಮಾಟುಂಗದ ಅಡುಗೆಮನೆಯಲ್ಲೇ ಹತ್ತು ದಿನ ನಡೆಯಿತು.

ವಿಮೆಯ ಕಾಗದ

ಪಾಲಿಕೆ ಆಸ್ಪತ್ರೆಯಾದ್ದರಿಂದ ಖರ್ಚು ಕೈಗೆಟುಕಿತು. ಖಾಸಗಿ ಆಸ್ಪತ್ರೆಯ ಐಸಿಯು ಆಗಿದ್ದರೆ ವಿಮೆ ಬೇಕಿತ್ತು. ನನ್ನ ವೃತ್ತಿಯಲ್ಲಿ ಕಂಡ ನಾಲ್ಕು ಮಾತು ಹೇಳುತ್ತೇನೆ.

ಕಾಲೇಜು ಶುಲ್ಕದಲ್ಲಿ ‘ವಿಮೆ’ ಎಂದು ಬರೆದಿದ್ದರೆ ಅದು ಏನೆಂದು ಓದಿ. ಎಷ್ಟೋ ಕಡೆ ಅದು ಅಪಘಾತಕ್ಕೆ ಮಾತ್ರ, ಜ್ವರಕ್ಕಲ್ಲ. ಹೊಸ ಆರೋಗ್ಯ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಮೊದಲ 30 ದಿನ ಅಪಘಾತ ಬಿಟ್ಟು ಬೇರೆ ಕಾಯಿಲೆಗೆ ರಕ್ಷಣೆಯಿಲ್ಲ. ಜುಲೈಯಲ್ಲಿ ಪ್ರವೇಶವಾದರೆ ಪಾಲಿಸಿ ಜೂನಿನಲ್ಲೇ ಇರಲಿ. ಕುಟುಂಬದ ಪಾಲಿಸಿಯಲ್ಲಿ ಮಗುವಿನ ಹೆಸರಿದ್ದರೆ ಇ–ಕಾರ್ಡ್ ಅವನ ಮೊಬೈಲಿನಲ್ಲೂ, ಗಾರ್ಡಿಯನ್ ಮೊಬೈಲಿನಲ್ಲೂ ಇರಲಿ. ಕೊಠಡಿ ಬಾಡಿಗೆಗೆ ಮಿತಿಯಿದ್ದರೆ ಅದನ್ನು ತಿಳಿದುಕೊಳ್ಳಿ. ದುಬಾರಿ ಕೊಠಡಿ ಹಿಡಿದರೆ ಬಾಡಿಗೆಯ ಜೊತೆ ಬೇರೆ ಬಿಲ್ಲುಗಳೂ ಅದೇ ಪ್ರಮಾಣದಲ್ಲಿ ಕಡಿತವಾಗುವ ಪಾಲಿಸಿಗಳಿವೆ. 2024ರ ಮೇ ತಿಂಗಳ ಐಆರ್‌ಡಿಎಐ ಸುತ್ತೋಲೆಯ ಪ್ರಕಾರ ಕ್ಯಾಶ್‌ಲೆಸ್ ಕೋರಿಕೆಗೆ ವಿಮಾ ಕಂಪನಿ ಒಂದು ಗಂಟೆಯೊಳಗೆ ಉತ್ತರಿಸಬೇಕು, ಡಿಸ್ಚಾರ್ಜ್ ಹೊತ್ತಿನ ಅಂತಿಮ ಅನುಮತಿ ಮೂರು ಗಂಟೆಯೊಳಗೆ ಬರಬೇಕು. ಕೌಂಟರಿನಲ್ಲಿ ಇದನ್ನು ಧೈರ್ಯವಾಗಿ ನೆನಪಿಸಿ.

ತಪ್ಪಿದ ಟೆಸ್ಟ್

ಇನ್ನು ಸೋಮವಾರದ ಟೆಸ್ಟ್. ಶುಕ್ರವಾರ ಮಧ್ಯಾಹ್ನವೇ ರೂಮ್‌ಮೇಟ್ ಕೈಯಲ್ಲಿ ಕ್ಲಾಸ್ ಕೋಆರ್ಡಿನೇಟರ್‌ಗೆ ಇಮೇಲ್ ಬರೆಸಿದೆ. ನಾಲ್ಕೇ ಸಾಲು: ಯಾರು, ಯಾವ ಆಸ್ಪತ್ರೆ, ಯಾವ ದಿನದಿಂದ, ಯಾವ ಪರೀಕ್ಷೆ ತಪ್ಪುತ್ತದೆ. ಆಸ್ಪತ್ರೆಯ ಕೇಸ್ ಪೇಪರಿನ ಫೋಟೊ ಜೊತೆಗೆ. ಗುಣವಾದ ಮೇಲೆ ಹೋಗಿ ಹೇಳಿದರಾಯಿತು ಎಂದು ಬಿಡುವುದೇ ಹೆಚ್ಚು. ಆಗ ವಿನಂತಿ ನೆಪದಂತೆ ಕಾಣುತ್ತದೆ. ಅದೇ ದಿನ ತಿಳಿಸಿದರೆ ಅದು ದಾಖಲೆ.

ಡಿಸ್ಚಾರ್ಜ್ ಆಗುವಾಗ ಮಕ್ಕಳು ಮರೆಯುವ ಒಂದು ಕಾಗದವಿದೆ. ಆಸ್ಪತ್ರೆಯಲ್ಲಿದ್ದ ದಿನಗಳು ಡಿಸ್ಚಾರ್ಜ್ ಸಮ್ಮರಿಯಲ್ಲಿರುತ್ತವೆ; ಮನೆಯಲ್ಲಿ ವಿಶ್ರಾಂತಿ ಬೇಕಾದ ದಿನಗಳು ಇರುವುದಿಲ್ಲ. ಅದನ್ನು ಅಂದೇ ವೈದ್ಯರಿಂದ ಬರೆಸಿಕೊಳ್ಳಬೇಕು. ಮುಂಬೈ ವಿಶ್ವವಿದ್ಯಾಲಯದಲ್ಲಿ ಸೆಮಿಸ್ಟರಿಗೆ ಶೇ 75 ಹಾಜರಿ ಬೇಕು. ಎರಡು ಮೂರು ವಾರ ತಪ್ಪಿದರೆ ಆ ಗೆರೆ ಹತ್ತಿರ ಬರುತ್ತದೆ. ಥಿಯರಿ ಗೆಳೆಯರ ನೋಟ್ಸಿನಿಂದ ಸರಿಹೋಗುತ್ತದೆ. ಪ್ರಾಕ್ಟಿಕಲ್ ತಪ್ಪಿದರೆ ಮತ್ತೆ ಮಾಡಲು ಲ್ಯಾಬ್ ಸಮಯ ಕೇಳಬೇಕು. ಮೊದಲು ಅದನ್ನೇ ಕೇಳಿ. ಡೆಂಗಿಯ ಸುಸ್ತು ವಾರಗಟ್ಟಲೆ ಉಳಿಯುತ್ತದೆ. ನಮ್ಮ ಹುಡುಗ ಮೊದಲ ವಾರ ಅರ್ಧ ದಿನ ಮಾತ್ರ ತರಗತಿಗೆ ಹೋದ. ತಪ್ಪಿದ ಟೆಸ್ಟ್ ಅಕ್ಟೋಬರಿನಲ್ಲಿ ಬರೆದ. ಅಂಕ ಸಾಧಾರಣ ಬಂತು. ಯಾರೂ ಬೇಸರ ಮಾಡಿಕೊಳ್ಳಲಿಲ್ಲ.

ಪ್ರವೇಶದ ದಿನವೇ ಒಂದು ಹಾಳೆ

ಈಗ ಯಾರಾದರೂ ಸಹಿ ಕೇಳಿದರೆ ನಾನು ಮೊದಲು ಒಂದು ಹಾಳೆ ಕೇಳುತ್ತೇನೆ. ಅದರಲ್ಲಿ ಇಷ್ಟಿರಬೇಕು:

● ಹೆಸರು, ಹುಟ್ಟಿದ ದಿನಾಂಕ, ರಕ್ತದ ಗುಂಪು.
● ಯಾವ ಔಷಧ ಒಗ್ಗುವುದಿಲ್ಲ; ಆಸ್ತಮಾ, ಫಿಟ್ಸ್, ಸಕ್ಕರೆ ಕಾಯಿಲೆಯಂಥವು ಇವೆಯೇ; ದಿನಾ ತೆಗೆದುಕೊಳ್ಳುವ ಮಾತ್ರೆ ಯಾವುದು.
● ಊರಿನ ಡಾಕ್ಟರ ಫೋನ್ ನಂಬರ್.
● ವಿಮೆಯ ಪಾಲಿಸಿ ನಂಬರ್, ಸಹಾಯವಾಣಿ.
● ನಾವು ಬರುವವರೆಗೆ ತುರ್ತು ನಿರ್ಧಾರಗಳನ್ನು ಇವರು ವೈದ್ಯರೊಂದಿಗೆ ಮಾತಾಡಿ ಮಾಡಲಿ ಎಂದು ಅಪ್ಪ ಅಮ್ಮ ಇಬ್ಬರ ಸಹಿ. ಮಗುವಿಗೆ 18 ತುಂಬಿದ್ದರೆ ಅವನದೂ, ಅವಳದೂ.

ಕೊನೆಯ ಸಾಲಿಗೇ ಎಲ್ಲರೂ ಹಿಂಜರಿಯುತ್ತಾರೆ. ಏನೋ ಕೆಟ್ಟದ್ದನ್ನು ಕರೆದಂತಾಯಿತು ಎಂಬ ಭಾವನೆ. ನನಗೆ ಅರ್ಥವಾಗುತ್ತದೆ. ಆದರೆ ಐನೂರು ಕಿಲೊಮೀಟರ್ ದೂರದಿಂದ, ಫೋನಿನಲ್ಲಿ, ಅಳುತ್ತಾ ನಿರ್ಧಾರ ಮಾಡುವುದು ಯಾವ ತಾಯಿಗೂ ಸಾಧ್ಯವಿಲ್ಲ. ಎದುರಿಗಿರುವವನಿಗೆ ಹುಡುಗನ ತಣ್ಣನೆಯ ಕೈ ಗೊತ್ತಾಗುತ್ತದೆ. ಫೋನಿನಲ್ಲಿ ಕೇಳುವುದು ‘ಜ್ವರ ಇಲ್ಲಮ್ಮಾ’ ಎಂಬ ಮಾತು ಮಾತ್ರ. ನಿರ್ಧಾರದ ಹಕ್ಕನ್ನು ಹತ್ತಿರದವನಿಗೆ ಶಾಂತವಾಗಿರುವಾಗಲೇ ಕೊಟ್ಟಿಡಬೇಕು.

ಇನ್ನೊಂದು ಮಾತು. ಪ್ರವೇಶದ ದಿನ ಪಾಲಕರು ಪ್ರಿನ್ಸಿಪಾಲರನ್ನು, ವಾರ್ಡನ್ನರನ್ನು, ನನ್ನಂಥವರನ್ನು ಕಂಡು ಕೈಮುಗಿದು ಹೋಗುತ್ತಾರೆ. ಆದರೆ ರಾತ್ರಿ ಎರಡು ಗಂಟೆಗೆ ನಾಲ್ಕನೇ ವಾಂತಿ ಎಣಿಸುವವನು ಪಕ್ಕದ ಮಂಚದ ಹುಡುಗ. ಅವನ ಹೆಸರು ಕೇಳಿ, ಅವನ ನಂಬರ್ ಬರೆದುಕೊಳ್ಳಿ, ನಿಮ್ಮ ನಂಬರ್ ಅವನಿಗೆ ಕೊಡಿ. ಊರಿಗೆ ಮರಳುವ ಮೊದಲು ಅವನನ್ನೂ ಕರೆದುಕೊಂಡು ಹೋಗಿ ಒಂದು ಮಸಾಲೆ ದೋಸೆ ಕೊಡಿಸಿ. ಮಾಟುಂಗದಲ್ಲಿ ಅದಕ್ಕೇನೂ ಬರವಿಲ್ಲ.